ಹೆಸರು ಬಿದ್ದ ಗಾಡಿ

ನಮ್ಮೂರಿನಲ್ಲಿ ಕಾರಿನ ಏಸಿಗೆ ಗ್ಯಾಸ್ ತುಂಬುವುದು ಹೆಂಗಸರ ಕೆಲಸ. ಎಂಜಿನ್ನು, ಬ್ರೇಕು, ಗೇರು ಎಲ್ಲವನ್ನೂ ಗಂಡಸರು ನೋಡಿಕೊಳ್ಳುತ್ತಾರೆ. ಬಾನೆಟ್ಟಿನೊಳಗಿನ ಆ ಎರಡು ಸಣ್ಣ ಮುಚ್ಚಳ ಬಿಚ್ಚಿ ಗೇಜಿನ ಪೈಪು ಹಚ್ಚುವ ಹೊತ್ತು ಬಂದರೆ ಮಾತ್ರ ಕೈ ಒರೆಸಿಕೊಂಡು ಹೊರಗೆ ಹೋಗುತ್ತಾರೆ. ಮೊದಲು ಹೀಗಿರಲಿಲ್ಲವಂತೆ. ಗಂಡಸರೇ ತುಂಬುತ್ತಿದ್ದ ಕಾಲದಲ್ಲಿ ಒಂದು ಬೇಸಿಗೆ ಅರ್ಧ ಊರು ಜ್ವರ ಬಂದು ಮಲಗಿತ್ತು. ಗ್ಯಾಸ್ ಒಳಗೆ ಹೋಗುವಾಗ ಯಾರ ಹೆಸರು ಬಾಯಿಂದ ಬೀಳುತ್ತದೋ ಆ ಗಾಡಿಯ ಬಿಸಿಯೆಲ್ಲ ಅವರ ಮೈಗೆ ಹೋಗುತ್ತದೆ. ಗಂಡಸರ ಬಾಯಿ ಗೊತ್ತಲ್ಲ. ನಟ್ಟು ಬಿಚ್ಚುವ ಪಾನಾ ಕೊಡು ಎಂದು ಒಬ್ಬನನ್ನು ಕೂಗುತ್ತಾರೆ, ಚಹಾ ತಾ ಎಂದು ಇನ್ನೊಬ್ಬನನ್ನು ಕೂಗುತ್ತಾರೆ, ತೂಕ ತಪ್ಪಿದರೆ ಮೂರನೆಯವನನ್ನು ಹೆಸರು ಹಿಡಿದು ಬೈಯುತ್ತಾರೆ. ಕೊನೆಗೆ ಊರ ಹಿರಿಯರು ಕೂತು, ಒಂದು ಹೆಸರನ್ನು ಜೀವಮಾನವಿಡೀ ನಾಲಿಗೆಯ ಕೆಳಗೆ ಅದುಮಿಟ್ಟುಕೊಂಡು ರೂಢಿಯಿರುವವರು ಯಾರು ಎಂದು ಯೋಚಿಸಿದರು. ಮದುವೆಯಾದ ಹೆಂಗಸರು ಸಿಕ್ಕರು.

ನಾನು ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ನನ್ನ ಹೆಸರು ಕಸ್ತೂರವ್ವ, ಅದನ್ನು ಹೇಳಲು ಅಡ್ಡಿಯಿಲ್ಲ. ನನ್ನ ಗಂಡನ ಹೆಸರನ್ನು ಮಾತ್ರ ಈ ಕಥೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದರೊಳಗೆ ಒಂದು ಲೋಹವಿದೆ, ಹೆಂಗಸರು ಕೊರಳಿಗೆ ಹಾಕಿಕೊಳ್ಳುವಂಥದ್ದು. ಹಾಗಾಗಿ ಆ ಲೋಹದ ಹೆಸರೂ ನನಗೆ ನಿಷಿದ್ಧ. ಅಕ್ಕಸಾಲಿಗರ ಅಂಗಡಿಗೆ ಹೋದರೆ "ಹಳದಿದು ತೋರಸ್ರಿ" ಎನ್ನುತ್ತೇನೆ. ಮಾತು ಬೆಳ್ಳಿ, ಮೌನ ಹಳದಿ ಎಂದು ಗಾದೆಯನ್ನೇ ತಿದ್ದಿಕೊಂಡಿದ್ದೇನೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಬೇರೆ ಊರುಗಳಲ್ಲಿ ಇದು ಬರೀ ನಂಬಿಕೆಯಂತೆ.

ಶೆಡ್ಡಿನಲ್ಲಿ ನಾವಿಬ್ಬರು, ನಾನು ಮತ್ತು ದ್ಯಾಮವ್ವ. ದ್ಯಾಮವ್ವನಿಗೆ ಅರವತ್ತರ ಮೇಲಾಗಿದೆ. ಗಂಡ ತೀರಿ ಹನ್ನೆರಡು ವರ್ಷವಾದರೂ ಅವನ ಹೆಸರು ಎತ್ತುವುದಿಲ್ಲ. ಇನ್ನೆಲ್ಲಿಯ ಆಯುಷ್ಯ ಕಡಿಮೆಯಾಗಬೇಕಿದೆ ಎಂದು ಕೇಳಿದರೆ "ರೂಢಿ ಹೋಗೂದಿಲ್ಲವಾ" ಎನ್ನುತ್ತಾಳೆ. ನಮ್ಮ ಕೆಲಸ ಹೀಗೆ. ಬಂದ ಗಾಡಿಯ ಹಳೆಯ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಳ್ಳಬೇಕು. ಮುಂದಿನ ಜಾಲಿಯಲ್ಲಿ ಸಿಕ್ಕ ಧೂಳು, ಸತ್ತ ಹುಳ, ಒಣಗಿದ ಎಲೆ ಎಲ್ಲ ನೀರು ಹೊಡೆದು ತೊಳೆಯಬೇಕು. ಆಮೇಲೆ ಪಂಪು ಹಚ್ಚಿ ಅರ್ಧ ತಾಸು ಒಳಗಿನ ಗಾಳಿ, ಪಸೆ ಹೀರಿಸಬೇಕು. ಅದಕ್ಕೆ ವ್ಯಾಕ್ಯೂಮ್ ಎನ್ನುತ್ತೇವೆ. ನಂತರ ಪಂಪು ನಿಲ್ಲಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಗೇಜಿನ ಮುಳ್ಳನ್ನೇ ನೋಡುತ್ತ ಕೂರಬೇಕು. ಮುಳ್ಳು ಅಲುಗದಿದ್ದರೆ ಎಲ್ಲೂ ಸೋರಿಕೆಯಿಲ್ಲ ಎಂದರ್ಥ. ಅಷ್ಟಾದ ಮೇಲೆ ಬಾಯಿತುಂಬ ನೀರು ಹಿಡಿದು, ತಕ್ಕಡಿಯ ಮೇಲಿಟ್ಟ ಸಿಲಿಂಡರಿನ ತೂಕ ನೋಡುತ್ತ ಹೊಸ ಗ್ಯಾಸ್ ಬಿಡಬೇಕು. ತುಂಬಿ ಮುಗಿಯುವವರೆಗೆ ಆ ನೀರು ನುಂಗುವಂತಿಲ್ಲ, ಉಗುಳುವಂತಿಲ್ಲ. ವ್ಯಾಕ್ಯೂಮಿನ ಅರ್ಧ ತಾಸು ಮಾತ್ರ ನಮ್ಮದು. ಗಾಡಿಯೊಳಗೆ ಆಗ ಏನೂ ಇರುವುದಿಲ್ಲ, ಇಲ್ಲದ ಗ್ಯಾಸಿಗೆ ಹೆಸರು ಹೇಗೆ ಅಂಟೀತು ಎಂದು ನಮ್ಮ ತಿಳಿವಳಿಕೆ. ಊರಿನ ಸುದ್ದಿಯನ್ನೆಲ್ಲ ಹೆಸರು ಸಮೇತ ಆ ಅರ್ಧ ತಾಸಿನಲ್ಲೇ ಆಡಿ ಮುಗಿಸುತ್ತಿದ್ದೆವು.

ಆ ದಿನ ಶೆಡ್ಡಿಗೆ ಬಂದದ್ದು ಚೆನ್ನಬಸಯ್ಯನವರ ಹಳೆಯ ಬಿಳಿ ಕಾರು. ಅವರು ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಮನೆಯಲ್ಲಿ ಎಂಬತ್ತನಾಲ್ಕರ ತಾಯಿ. ಆ ಮುದುಕಿಗೆ ಮೈಯುರಿ. ನೆತ್ತಿಯ ಮೇಲೆ ಬಿಸಿಲು ಬಂತೆಂದರೆ ಚಾಪೆಯ ಮೇಲೆ ಹೊರಳಾಡುತ್ತಾಳೆ, ಸೀರೆ ಮೈಮೇಲೆ ನಿಲ್ಲಗೊಡುವುದಿಲ್ಲ. ಮಧ್ಯಾಹ್ನ ಕಾರಿನಲ್ಲಿ ಕೂರಿಸಿ ಏಸಿ ಹಾಕಿದರೆ ಎರಡು ತಾಸು ಸುಮ್ಮನಿರುತ್ತಾಳೆ. ಆದರೆ ಗ್ಯಾಸ್ ಇಳಿದು ಗಾಡಿ ಬರೀ ಬಿಸಿ ಗಾಳಿ ಊದುತ್ತಿತ್ತು. "ಬೇಗ ಮಾಡಿಕೊಡವಾ" ಎಂದು ಹೇಳಿ ಅವರು ಚಹಾದ ಅಂಗಡಿಗೆ ಹೋದರು.

ಅದು ನಮ್ಮ ಮದುವೆಯಾದ ದಿನವೂ ಆಗಿತ್ತು, ಇಪ್ಪತ್ತೆರಡು ವರ್ಷ ತುಂಬಿತ್ತು. ನನಗದು ನೆನಪಿರಲಿಲ್ಲ. ದ್ಯಾಮವ್ವನಿಗಿತ್ತು. ಪಂಪು ಗುರ್ರೆನ್ನುತ್ತಿರುವಾಗ ಸೆರಗಿನ ಗಂಟಿನಿಂದ ಕರದಂಟಿನ ಪೊಟ್ಟಣ ತೆಗೆದು "ಒಡಪು ಹಾಕಿದ್ರ ಕೊಡತೀನಿ, ಇಲ್ಲಂದ್ರ ನಾನ ತಿಂತೀನಿ" ಎಂದಳು. ಗಂಡನ ಹೆಸರು ಹೇಳಲು ಹೆಣ್ಣಿಗೆ ಇರುವ ಒಂದೇ ಕಿಂಡಿ ಈ ಒಡಪು. ಪ್ರಾಸ ಕೂಡಿಸಿ ಎರಡು ಮಾತು ಕಟ್ಟಿ, ಬಾಲಕ್ಕೆ ಹೆಸರು ಜೋಡಿಸಿದರೆ ಆಯುಷ್ಯಕ್ಕೆ ಕುತ್ತಿಲ್ಲ. ಮದುವೆಯ ದಿನ ಹೊಸ್ತಿಲ ಮೇಲೆ ನಿಲ್ಲಿಸಿ ನನ್ನಿಂದ ಒಂದು ಹೇಳಿಸಿದ್ದರು. ಆಮೇಲೆ ಯಾರೂ ಕೇಳಿರಲಿಲ್ಲ. ನಾನು ಒಲ್ಲೆ ಒಲ್ಲೆ ಎಂದೆ. ದ್ಯಾಮವ್ವ ಒಂದು ತುಂಡು ಮುರಿದು ನನ್ನ ಮೂಗಿನ ಮುಂದೆ ಹಿಡಿದಳು. ನನಗೂ ಯಾಕೋ ಹುರುಪು ಬಂತು. "ಹಂಚಿನ ಮ್ಯಾಲ ಉಬ್ಬಿದ ರೊಟ್ಟಿ, ಮಗ್ಗಲಾಗ ಬೆಣ್ಣಿ ಗಟ್ಟಿ, ಮುನಿಸಿನ್ಯಾಗೂ ಕೈ ಬಿಡದ ಜಟ್ಟಿ" ಎಂದು ಹೇಳಿ, ನಕ್ಕು, ಅವರ ಹೆಸರು ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟರಲ್ಲಿ ಚೆನ್ನಬಸಯ್ಯ ಬಂದು, ಅವ್ವ ಒದ್ದಾಡುತ್ತಿದ್ದಾಳೆಂದು ಮನೆಯಿಂದ ಫೋನು ಬಂತು, ಆಯಿತೇ ಎಂದು ಕೇಳಿದರು. ಹತ್ತು ನಿಮಿಷ ಮುಳ್ಳು ನೋಡುತ್ತ ಕೂರುವ ಕೆಲಸವನ್ನು ನಾನು ಬಿಟ್ಟುಬಿಟ್ಟೆ. ಬಾಯಿಗೆ ನೀರು ಹಾಕಿಕೊಂಡು ಗ್ಯಾಸ್ ತುಂಬಿ ಕಳಿಸಿದೆ.

ಮರುದಿನ ಮಧ್ಯಾಹ್ನ ನನ್ನ ಗಂಡನಿಗೆ ಜ್ವರ ಬಂತು. ಅವರು ಬೋರ್ಡು ಬರೆಯುವವರು. ಊರಿನ ಅಂಗಡಿ, ಮನೆ, ಶಾಲೆ, ಲಾರಿಗಳ ಮೇಲಿರುವ ಹೆಸರುಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವು. ಕಿರಾಣಿ ಅಂಗಡಿಯೊಂದರ ಮುಂದೆ ಏಣಿಯ ಮೇಲಿದ್ದಾಗ ಮೈ ಕಾದು ಕುಂಚ ಕೈಯಿಂದ ಬಿತ್ತಂತೆ. ಅಂಗಡಿಯವರು ಆಟೋದಲ್ಲಿ ಮನೆಗೆ ತಂದು ಬಿಟ್ಟರು. ಡಾಕ್ಟರು ಬಂದು ಕೈ ಮುಟ್ಟಿ ನೋಡಿ ಗುಳಿಗೆ ಬರೆಯಲಿಲ್ಲ. "ಯಾವ ಗಾಡಿ?" ಎಂದಷ್ಟೇ ಕೇಳಿದರು. ಇಂಥ ಜ್ವರ ಆ ಗಾಡಿಯ ಏಸಿ ಆರಿಸಿದರೆ ನಿಲ್ಲುತ್ತದೆ, ಹಾಕಿದರೆ ಏರುತ್ತದೆ. ಎರಡೂವರೆಗೆ ಬೆವರು ಒಡೆದು, ಅವರು ಎದ್ದು ಕೂತು ನೀರು ಕೇಳಿದರು.

ಹೆಸರಿನ ಜ್ವರ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಜ್ವರ ಏರುವ ಮುನ್ನ, ಹೆಸರು ಬಿದ್ದ ಹೊತ್ತಿನ ದನಿಯೇ ಅವರ ಕಿವಿಗೆ ಒಮ್ಮೆ ಕೇಳಿಸುತ್ತದೆ.

"ಯಾರ ದನಿ ಇತ್ರೀ?" ಎಂದೆ.

"ಗುರುತು ಹತ್ತಲಿಲ್ಲ."

"ಗಂಡಸರದೋ, ಹೆಂಗಸರದೋ?"

ಅವರು ಗೋಡೆಯ ಕಡೆ ತಿರುಗಿ "ಗಾಳ್ಯಾಗ ಬಂದಂಗಿತ್ತು. ತಿಳೀಲಿಲ್ಲ" ಎಂದರು.

ನಾನು ಬಾಗಿಲಿಗೆ ಒದ್ದೆ ಟವೆಲ್ ಕಟ್ಟಿದೆ. ಒದ್ದೆ ಟವೆಲ್ ಕಂಡ ಮನೆಯ ಮುಂದೆ ಗಾಡಿಯವರು ನಿಧಾನ ಮಾಡಿ, ಏಸಿ ಆರಿಸಿ, ಕಿಟಕಿಯ ಕಡೆ ನೋಡುತ್ತಾರೆ. ಒಳಗಿನವರ ಮೈ ತಣಿದರೆ ಮನೆಯವರು ಕೈ ಎತ್ತಬೇಕು. ಮೂರು ದಿನ ಮಧ್ಯಾಹ್ನ ನಾನು ಕಿಟಕಿಯಲ್ಲಿ ನಿಂತೆ. ಒಂದು ಕೈ ಅವರ ಹಣೆಯ ಮೇಲೆ. ಹಾಲಿನ ವ್ಯಾನು ನಿಂತು ಹೋಯಿತು, ಮದುವೆಯ ದಿಬ್ಬಣದ ಐದು ಕಾರು ನಿಂತು ಹೋದವು, ಒಳಗಿದ್ದವರು ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು. ನಾನು ಎಲ್ಲರಿಗೂ ತಲೆ ಅಲ್ಲಾಡಿಸಿದೆ. ಯಾವಳು ಇಂಥ ಸಡಿಲು ಬಾಯಿಯವಳು ಎಂದು ಊರಿನ ಬೇರೆ ಶೆಡ್ಡುಗಳ ಹೆಂಗಸರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈದೆ.

ಸೋಮವಾರ ಜ್ವರ ಬರಲಿಲ್ಲ. ಅವರು ಎರಡು ರೊಟ್ಟಿ ತಿಂದರು. ಮಂಗಳವಾರ ಬೆಳಗ್ಗೆ ಚೆನ್ನಬಸಯ್ಯ ಒಂದು ಡಜನ್ ಬಾಳೆಹಣ್ಣು ಹಿಡಿದು ಶೆಡ್ಡಿಗೆ ಬಂದರು. "ನಿನ್ನ ಕೈಗುಣ ಭಾಳ ಚಲೋ ಐತಿ ಕಸ್ತೂರವ್ವ. ಗಾಡಿ ಐಸ್ ಆದಂಗ ಆಗೈತಿ. ಅವ್ವ ದಿನಾ ಗೊರಕಿ ಹೊಡದು ಮಕ್ಕೋತಾಳ. ನಿನ್ನೆ ಒಂದಿನ ಟೈರು ಪಂಚರ್ ಆಗಿ ಗಾಡಿ ತಗೀಲಿಲ್ಲ, ಮತ್ತ ಅದ ಒದ್ದಾಟ ನೋಡು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಯಿ ಮುಟ್ಟಿ ನೋಡಿಕೊಂಡೆ.

ಅವರು ದಿನಾ ತಾಯಿಯನ್ನು ಕೂರಿಸಿಕೊಂಡು ಹಳೆಯ ಕಚೇರಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದರು, ಅವತ್ತು ಮಧ್ಯಾಹ್ನ ಅಲ್ಲಿ ಆ ಕಾರನ್ನು ದೂರದಿಂದ ನೋಡಿದೆ. ಹನ್ನೆರಡೂವರೆಗೆ ಗಾಜು ಏರಿದವು, ಎರಡೂವರೆಗೆ ಇಳಿದವು. ಮನೆಗೆ ಬಂದು ಪಕ್ಕದವರನ್ನು ಕೇಳಿದರೆ ಜ್ವರದ ಲೆಕ್ಕವೂ ಅದೇ. ಏನಾಗಿತ್ತೆಂದು ಆಗ ತಿಳಿಯಿತು. ಪೈಪು ಹಚ್ಚುವ ಬಾಯಿಯಲ್ಲಿ ಸೈಕಲ್ ಟ್ಯೂಬಿಗಿರುವಂಥ ಒಂದು ಪಿನ್ನಿರುತ್ತದೆ. ಅದು ಸವೆದಿರಬೇಕು, ಎಲ್ಲೋ ಕೂದಲೆಳೆಯಷ್ಟು ಸಂದಿ ಇದ್ದಿರಬೇಕು. ಒಳಗೆ ಏನೂ ಇಲ್ಲದಾಗಲೇ ಗಾಡಿ ಹೊರಗಿನದನ್ನು ಎಳೆದುಕೊಳ್ಳುವುದು. ನಾನು ನಗುತ್ತ ಹೇಳಿದ್ದನ್ನು ಅದು ಉಸಿರಿನೊಂದಿಗೆ ಎಳೆದುಕೊಂಡಿತ್ತು. ಹತ್ತು ನಿಮಿಷ ಮುಳ್ಳು ನೋಡಿದ್ದರೆ ಗೊತ್ತಾಗುತ್ತಿತ್ತು.

ಆಗಲೇ ಹೋಗಿ ಹೇಳಬೇಕಿತ್ತು. ಒಂದು ತಾಸಿನ ಕೆಲಸ. ನಾನು ಹೇಳಲಿಲ್ಲ. ಹೆಸರು ಬೀಳಿಸಿದವಳು ಗೇಜು ಕೆಳಗಿಡಬೇಕೆಂಬುದು ನಮ್ಮೂರಿನ ಕಟ್ಟಳೆ, ಮತ್ತೆಂದೂ ಗ್ಯಾಸ್ ಮುಟ್ಟುವಂತಿಲ್ಲ. ಹತ್ತೊಂಬತ್ತು ವರ್ಷ ಒಂದು ಹೆಸರೂ ಬೀಳಿಸದವಳು ಎಂದು ಬೇರೆ ಶೆಡ್ಡಿನವರು ಹೊಸಬರಿಗೆ ನನ್ನನ್ನು ತೋರಿಸುತ್ತಿದ್ದರು. ಆ ಜಂಬ ಬಿಡಲು ಮನಸ್ಸು ಬರಲಿಲ್ಲ. ತೂತಿದ್ದ ಮೇಲೆ ಗ್ಯಾಸ್ ತಾನೇ ಸೋರಿ ಹೋದೀತು, ಇವತ್ತಲ್ಲ ನಾಳೆ ಗಾಡಿ ಬಿಸಿಯಾದೀತು, ಆಗ ಅವರೇ ಶೆಡ್ಡಿಗೆ ತಂದಾರು, ಯಾರಿಗೂ ಗೊತ್ತಾಗದೆ ಖಾಲಿ ಮಾಡಿಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಎಂಟು ದಿನ ಹಾಗೇ ಕಳೆದೆ. ಕಟ್ಟಿಕೊಂಡವರು ನನ್ನ ಕಣ್ಣೆದುರಿಗೆ ಬೇಯುತ್ತಿದ್ದರು, ನಾನು ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಣೆಗೆ ಹಾಕುತ್ತಿದ್ದೆ, ಬಾಗಿಲ ಟವೆಲನ್ನೂ ದಿನಾ ಒದ್ದೆ ಮಾಡುತ್ತಿದ್ದೆ. ಅಂಥ ನಾಟಕವನ್ನೂ ಆಡಿದವಳು ನಾನು. ಗ್ಯಾಸ್ ಮಾತ್ರ ಸೋರಲಿಲ್ಲ. ಮುಚ್ಚಳ ನಾನೇ ಬಿಗಿಯಾಗಿ ತಿರುಗಿಸಿದ್ದೆ.

ಒಂಬತ್ತನೆಯ ದಿನ ಡಾಕ್ಟರು ಅವರ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಹೊರಗೆ ಬಂದು "ಇನ್ನ ನಾಲ್ಕ ದಿನ ಹಿಂಗ ಕಾದ್ರ ಎದಿ ತಡಿಯೂದಿಲ್ಲ. ಗಾಡಿ ಹುಡಕವಾ" ಎಂದರು. ಗಡಿಯಾರ ನೋಡಿದೆ, ಒಂದು ಗಂಟೆಯಾಗಿತ್ತು. ಚಪ್ಪಲಿ ಮೆಟ್ಟದೆ ಬೇವಿನ ಮರದ ಕಡೆ ಓಡಿದೆ.

ಕಾರಿನೊಳಗೆ ಮುದುಕಿ ಕಾಲು ಚಾಚಿ, ಶಾಲು ಹೊದ್ದು, ಬಾಯಿ ತೆರೆದುಕೊಂಡು ಮಲಗಿದ್ದಳು. ಗಾಜು ಬಡಿದೆ. ಚೆನ್ನಬಸಯ್ಯ ಗಾಜು ಇಳಿಸಿದರು. ಆ ತಂಪು ನನ್ನ ಮುಖಕ್ಕೆ ಬಂತು. ಎಲ್ಲಿಂದ ಬಂದ ತಂಪೆಂದು ಗೊತ್ತಿದ್ದೂ ಒಂದು ಗಳಿಗೆ ಹಿತವಾಯಿತು. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

"ಏಸಿ ಆರಿಸ್ರಿ" ಎಂದೆ.

"ಅವ್ವ ಈಗ ಕಣ್ಣು ಮುಚ್ಚ್ಯಾಳವಾ."

"ನಮ್ಮ ಮನಿಯವರ ಹೆಸರು ಬಿದ್ದೈತ್ರಿ ಇದರಾಗ. ನನ್ನ ಬಾಯಿಂದನ ಬಿದ್ದೈತಿ."

ಅವರು ತಾಯಿಯ ಮುಖ ನೋಡಿದರು. ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು, ಆಮೇಲೆ ಆರಿಸಿತು. "ಹೆಸರು ಬಿದ್ದೈತಂತ ನನಗ ಮೊದಲ ದಿನಾನ ಗೊತ್ತಾಗಿತ್ತು" ಎಂದರು, ನನ್ನ ಕಡೆ ನೋಡದೆ. "ಹಳೇ ಗಾಡಿ ಇಷ್ಟ ತಂಪ ಸುಮ್ಮನ ಆಗೂದಿಲ್ಲ. ಯಾರದಂತ ಕೇಳಿದ್ರ ಆರಿಸಬೇಕಾಗತಿತ್ತು. ಅದಕ್ಕ ಕೇಳಲಿಲ್ಲ. ನಿಮ್ಮ ಓಣ್ಯಾಗ ಟವೆಲ್ ಕಂಡಾಗಿಂದ ಬ್ಯಾರೆ ದಾರಿ ಹಿಡದು ಬರತಿದ್ದೆ."

"ನಾನೂ ಎಂಟ ದಿನ ಹೇಳಲಿಲ್ರಿ" ಎಂದೆ.

ಹಿಂದಿನ ಸೀಟಿನಲ್ಲಿ ಮುದುಕಿ ಅಲುಗಾಡಿದಳು. "ಯಾಕೋ ಚೆನ್ನೂ, ಉರಿ ಸುರುವಾತಲ್ಲೋ" ಎಂದಳು.

ಮುದುಕಿಯನ್ನು ಮನೆಗೆ ಬಿಟ್ಟು ಅವರು ಗಾಡಿಯನ್ನು ಶೆಡ್ಡಿಗೆ ತಂದರು. ದ್ಯಾಮವ್ವನಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಹಣೆ ಹಣೆ ಬಡಿದುಕೊಂಡಳು. "ಕರದಂಟ ತಂದಾಕಿ ನಾನ ಅಲ್ಲೇನ" ಎಂದಳು. "ಇದೊಂದನ್ನ ನೀನ ಮುಗಸು, ಆಮ್ಯಾಲ ಗೇಜ್ ನನ್ನ ಕಡೆ ಕೊಡು" ಎಂದಳು. ನಾನು ಪೈಪು ಹಚ್ಚುವ ಹೊತ್ತಿಗೆ ಶೆಡ್ಡಿನ ಮುಂದೆ ಆಟೋ ನಿಂತಿತು. ನನ್ನ ಗಂಡ ಇಳಿದರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದರು, ಗೋಡೆ ಹಿಡಿದು ಒಳಗೆ ಬಂದು ಹಳೆಯ ಟೈರಿನ ಮೇಲೆ ಕೂತರು. ಉಗುರುಗಳ ಸಂದಿಯಲ್ಲಿ ಹದಿನೈದು ದಿನದ ಹಿಂದಿನ ನೀಲಿ ಬಣ್ಣ ಹಾಗೇ ಇತ್ತು.

"ಜ್ವರ ನಡುವನ ನಿಂತಿತು. ಗಾಡಿ ಸಿಕ್ಕೈತಂತ ತಿಳೀತು" ಎಂದರು. "ಗ್ಯಾಸ್ ತಗದ್ಯಾ?"

"ಇನ್ನೂ ಇಲ್ಲ. ಈಗ ತಗೀತೀನಿ. ನೀವ್ಯಾಕ ಎದ್ದು ಬಂದ್ರಿ?"

"ಒಂದ ಸಲ ಚಾಲೂ ಮಾಡು. ಐದು ನಿಮಿಷ."

ನನಗೆ ಅರ್ಥವಾಗಲಿಲ್ಲ. ಜ್ವರದ ಮಂಪರು ಇನ್ನೂ ಇಳಿಯದೆ ಬಡಬಡಿಸುತ್ತಿದ್ದಾರೆಂದು ತಿಳಿದೆ. "ಜೀವ ಹೋಗತೈತ್ರಿ. ಡಾಕ್ಟರು ಏನಂದಾರ ಗೊತ್ತೇನು?"

"ಐದು ನಿಮಿಷಕ್ಕ ಹೋಗೂದಿಲ್ಲ" ಎಂದರು. ಆಮೇಲೆ ನೆಲ ನೋಡುತ್ತ, ಸಣ್ಣ ದನಿಯಲ್ಲಿ, "ಏರೂ ಮೊದಲ ಕೇಳಸ್ತೈತಿ. ಜಟ್ಟಿ ಅಂತಿ, ನಗತಿ, ಆಮ್ಯಾಲ ನನ್ನ ಹೆಸರ ಹೇಳತಿ" ಎಂದರು.

ನನ್ನ ಕೈಯಲ್ಲಿದ್ದ ಪೈಪು ಹಾಗೇ ನಿಂತಿತು. "ನನ್ನ ದನಿ ಅಂತ ಗೊತ್ತಿತ್ತೇನ್ರಿ?"

"ಇಪ್ಪತ್ತೆರಡು ವರ್ಷ ಅದೊಂದ ದನಿ ಕೇಳೇನಿ. ಗುರುತು ಹತ್ತೂದಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ತಗದಬಿಡತಿದ್ದಿ" ಎಂದರು. "ನಮ್ಮವ್ವ ಹೋದ ಮ್ಯಾಲ ನನ್ನ ಯಾರೂ ಹೆಸರು ಹಿಡದು ಕರದಿಲ್ಲ. ಊರ ಮಂದಿ ಪೇಂಟರ್ ಅಂತಾರ. ತಮ್ಮಂದಿರು ಅಣ್ಣಾ ಅಂತಾರ. ನೀ ಏನ್ರೀ ಅಂತಿ. ಇಷ್ಟ ಮಂದಿ ಹೆಸರ ಬರದೇನಿ, ನನ್ನದು ಹೆಂಗ ಕೇಳಸ್ತೈತಿ ಅನ್ನೂದ ಮರತಿತ್ತು."

ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ಕೂಡಿ ಬಂದವು. ಎಂಟು ದಿನ ನಾನು ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಇವರು ಮೊದಲ ದಿನದಿಂದ ಸಾವಿಗೂ ಹೆದರದೆ ಬಾಯಿ ಮುಚ್ಚಿಕೊಂಡಿದ್ದರು. ಎಂಜಿನ್ನಿನ ಕೀಲಿ ನನ್ನ ಸೆರಗಿನಲ್ಲೇ ಇತ್ತು. ಅವರು ಕೇಳಿದ್ದನ್ನು ಕೊಡಲು ಒಮ್ಮೆ ತಿರುಗಿಸಿದರೆ ಸಾಕಿತ್ತು. ನಾನು ಅವರ ಮುಂದೆ ಮೊಳಕಾಲೂರಿ ಕೂತು, "ಇದನ್ನ ತಗದ ಬಿಡತೀನ್ರಿ. ಮನಿಗಿ ಹೋಗಿ ನಾನ ಹೇಳತೀನಿ. ನಿಮ್ಮ ಕಿವ್ಯಾಗ ಹೇಳತೀನಿ, ನೀವು ಸಾಕನ್ನೂತನಾ ಹೇಳತೀನಿ" ಎಂದೆ. ಅವರು ನನ್ನ ಮುಖ ನೋಡಿದರು. ನಂಬಿದರು. "ಹಂಗಾದ್ರ ತಗಿ" ಎಂದರು.

ಕೀಲಿ ತಿರುಗಿಸಲಿಲ್ಲ, ವಾಲ್ವ್ ತಿರುಗಿಸಿದೆ. ಯಂತ್ರ ಹಳೆಯ ಗ್ಯಾಸನ್ನು ಎಳೆದುಕೊಂಡಿತು, ಎರಡು ಮುಳ್ಳೂ ಸೊನ್ನೆಗೆ ಇಳಿದವು. ಸವೆದ ಪಿನ್ನು ಕಿತ್ತು ಹೊಸದು ಹಾಕಿದೆ. ಅರ್ಧ ತಾಸು ಪಂಪು ಓಡಿಸಿದೆ. ಆ ಅರ್ಧ ತಾಸು ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಹತ್ತು ನಿಮಿಷ ಮುಳ್ಳು ನೋಡಿದೆ, ಅಲುಗಲಿಲ್ಲ. ಇನ್ನೂ ಹತ್ತು ನಿಮಿಷ ನೋಡಿದೆ. ಬಾಯಿಗೆ ನೀರು ಹಿಡಿದು, ತೂಕ ಮಾಡಿ, ತುಂಬಿದೆ. ಮುಗಿದ ಮೇಲೆ ನೀರು ಉಗುಳಿ ಗೇಜನ್ನು ಒರೆಸಿ ದ್ಯಾಮವ್ವನ ಕೈಗೆ ಕೊಟ್ಟೆ.

ಈಗ ನಾನು ಜಾಲಿ ತೊಳೆಯುತ್ತೇನೆ, ಗಾಳಿಯ ಫಿಲ್ಟರು ಬಡಿದು ಹಾಕುತ್ತೇನೆ. ಗ್ಯಾಸಿನ ಹೊತ್ತಿಗೆ ಗಂಡಸರ ಜೊತೆ ಹೊರಗೆ ಹೋಗಿ ನಿಲ್ಲುತ್ತೇನೆ. ಚೆನ್ನಬಸಯ್ಯನವರ ಗಾಡಿ ಹಳೆಯ ಗಾಡಿ ತಂಪಾಗಬೇಕಾದಷ್ಟೇ ತಂಪಾಗುತ್ತದೆ. ಮುದುಕಿ ಮತ್ತೆ ಹೊರಳಾಡುತ್ತಾಳಂತೆ, ಅವರು ಬಾಳೆಹಣ್ಣು ತರುವುದಿಲ್ಲ. ನನ್ನ ಗಂಡನಿಗೆ ಜ್ವರ ಮರಳಲಿಲ್ಲ. ಒಂದು ತಿಂಗಳಲ್ಲಿ ಮೈ ಕೈ ತುಂಬಿಕೊಂಡರು, ಏಣಿ ಹತ್ತುತ್ತಾರೆ, ಬೋರ್ಡು ಬರೆಯುತ್ತಾರೆ.

ಅವತ್ತು ಮನೆಗೆ ಹೋದ ಮೇಲೆ ಹೇಳಲು ಕೂತಿದ್ದೆ. ಬಾಗಿಲು ಹಾಕಿ, ಅವರ ಕಿವಿಯ ಹತ್ತಿರ ಬಾಯಿ ಒಯ್ದೆ. ಅವರು ಕಣ್ಣು ಮುಚ್ಚಿಕೊಂಡರು. ಹೆಸರು ಗಂಟಲವರೆಗೆ ಬಂತು, ತುಟಿಯವರೆಗೆ ಬರಲಿಲ್ಲ. ಈ ಬಾಯಿಂದ ಅದು ಬಿದ್ದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೆ. ಒಡಪು ಹಾಕಿ ನೋಡಿದೆ, ಜಟ್ಟಿ ಎನ್ನುವಲ್ಲಿಗೆ ನಿಂತಿತು. "ನಾಳೆ ಹೇಳತೀನ್ರಿ" ಎಂದೆ. "ಆಗಲಿ" ಎಂದರು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಅವರು ಕೇಳಲಿಲ್ಲ.

ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ. ಹನ್ನೆರಡೂವರೆ ಆಗುವುದರೊಳಗೆ ಕೈ ತೊಳೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂರುತ್ತಾರೆ. ತಲೆಯನ್ನು ತುಸು ಒಂದು ಕಡೆ ವಾಲಿಸಿ, ಯಾರೋ ದೂರದಿಂದ ಕರೆದಾರು ಎಂಬಂತೆ ಸುಮ್ಮನಿರುತ್ತಾರೆ. ಇವತ್ತೂ ಹಾಗೇ ಕೂತಿದ್ದರು. ನಾನು ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೋಗಿ ಅವರ ಬೆನ್ನ ಹಿಂದೆ ನಿಂತೆ. ನಿಂತದ್ದು ಅವರಿಗೆ ತಿಳಿಯಿತು, ತಿರುಗಲಿಲ್ಲ. ಉಸಿರು ಎಳೆದುಕೊಂಡೆ. ಬಾಯಿ ತೆರೆದೆ.

"ಏನ್ರೀ, ಊಟಕ್ಕ ಬರ್ರಿ" ಎಂದೆ.

ಅವರು ಎದ್ದು ಬಂದರು.